ಡಾಕ್ಟರರ ಚೀಟಿಯಲ್ಲಿದ್ದ ಗಂಧದೆಣ್ಣೆ

ದೇವಸ್ಥಾನದಲ್ಲಿ ಭಟ್ರು ಬಾಳೆಲೆ ತುಂಡಿನಲ್ಲಿ ಕೊಟ್ಟರೆ ಗಂಧ ನಮಗೆ ಪ್ರಸಾದ. ಸೋಪಿನಲ್ಲಿ ಬಂದರೆ ಪರಿಮಳ. ಆದರೆ ನೂರು ವರ್ಷದ ಹಿಂದೆ ಇದೇ ಗಂಧದ ಎಣ್ಣೆಯನ್ನು ಡಾಕ್ಟರುಗಳು ಔಷಧಿ ಚೀಟಿಯಲ್ಲಿ ಬರೆದು ಕೊಡುತ್ತಿದ್ದರು. ಅದೂ ಒಂದು ಸೋಂಕು ರೋಗಕ್ಕೆ. ಆ ಎಣ್ಣೆ ಔಷಧಿಯಾಗಿದ್ದು ಹೇಗೆ, ಔಷಧಿಯ ಪಟ್ಟಿಯಿಂದ ಇಳಿದಿದ್ದು ಹೇಗೆ ಎಂಬುದನ್ನು ಈಗ ತಿಳಿಯುವುದು ಒಳ್ಳೆಯದು. ಯಾಕೆಂದರೆ ಯಾವುದೋ ಗಿಡದ ಎಣ್ಣೆ ನಾಲ್ಕು ತೊಟ್ಟು ಕುಡಿದರೆ ಸೋಂಕು ಮಾಯ ಎನ್ನುವ ಮೆಸೇಜು ನಮ್ಮ ನಿಮ್ಮ ಮೊಬೈಲಿಗೆ ಬರುತ್ತಲೇ ಇದೆ.

ಘಟ್ಟದಿಂದ ಬಂದರಿಗೆ

ಗಂಧದ ಮರ ಹೆಚ್ಚು ಬೆಳೆಯುವುದು ಘಟ್ಟದ ಮೇಲೆ, ಮೈಸೂರು ಸೀಮೆಯಲ್ಲಿ. 1792ರಲ್ಲಿ ಟಿಪ್ಪು ಸುಲ್ತಾನ ಅದನ್ನು ರಾಜವೃಕ್ಷ ಎಂದು ಸಾರಿದ. ಆಮೇಲೂ ಮೈಸೂರಿನಲ್ಲಿ ಅದು ಸರ್ಕಾರದ ಸ್ವತ್ತಾಗಿಯೇ ಉಳಿಯಿತು. ಘಟ್ಟ ಇಳಿದ ಕೊರಡುಗಳು ನಮ್ಮ ಕರಾವಳಿಯ ಮಂಗಳೂರು ಬಂದರಿನಿಂದಲೂ ಹಡಗು ಹತ್ತುತ್ತಿದ್ದವು. ಮರ ನಮ್ಮದು, ಎಣ್ಣೆ ತೆಗೆಯುವವರು ಯುರೋಪಿನವರು. ಅದರಲ್ಲೂ ಜರ್ಮನಿ ಮುಂದಿತ್ತು.

1914ರಲ್ಲಿ ಮೊದಲ ಮಹಾಯುದ್ಧ ಶುರುವಾದಾಗ ಆ ವ್ಯಾಪಾರಕ್ಕೆ ಪೆಟ್ಟು ಬಿತ್ತು. ಕೊರಡು ಕೊಳ್ಳುವವರಿಲ್ಲ. ಆಗ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆ, ದಿವಾನರಾಗಿ ವಿಶ್ವೇಶ್ವರಯ್ಯ. ಎಣ್ಣೆ ಇಲ್ಲೇ ತೆಗೆಯೋಣ ಎಂದು ಸಂಸ್ಥಾನ ಹೊರಟಿತು. ಕೈಗಾರಿಕೆಯ ಹೊಣೆ ಹೊತ್ತಿದ್ದ ಆಲ್ಫ್ರೆಡ್ ಚಾಟರ್ಟನ್ ಮುಂದೆ ನಿಂತರು. ಬೆಂಗಳೂರಿನ ವಿಜ್ಞಾನ ಸಂಸ್ಥೆಯ ಸಡ್‌ಬರೋ ಮತ್ತು ವಾಟ್ಸನ್ ದಾರಿ ತೋರಿಸಿದರು. 1916ರಲ್ಲಿ ಬೆಂಗಳೂರಿನಲ್ಲಿ ಎಣ್ಣೆ ಇಳಿಯಿತು. ಬಳಿಕ ಮೈಸೂರಿನಲ್ಲಿ ಕಾರ್ಖಾನೆ ಬಂತು, 1944ರಲ್ಲಿ ಶಿವಮೊಗ್ಗದಲ್ಲಿ ಮತ್ತೊಂದು.

ಕೆಲಸದ ಕ್ರಮ ಇಷ್ಟು: ಮರದ ಚೇಗನ್ನೂ ಬೇರನ್ನೂ ಪುಡಿ ಮಾಡಿ ಅದರೊಳಗೆ ಹಬೆ ಹಾಯಿಸಬೇಕು. ಹಬೆ ಎಣ್ಣೆಯನ್ನು ಹೊತ್ತು ಬರುತ್ತದೆ. ತಣಿಸಿದರೆ ನೀರಿನ ಮೇಲೆ ಎಣ್ಣೆ ತೇಲುತ್ತದೆ. ಒಳ್ಳೆಯ ಚೇಗು 100 ಕೆಜಿ ಇದ್ದರೆ ಸುಮಾರು 4ರಿಂದ 6 ಕೆಜಿ ಎಣ್ಣೆ. ಅದರಲ್ಲಿ ಸುಮಾರು 90 ಶೇಕಡಾ ಸ್ಯಾಂಟಲಾಲ್ ಎಂಬ ಅಂಶ. ಪರಿಮಳವೂ ಅದರದ್ದೇ, ರೋಗಾಣುವಿನ ಮೇಲಿನ ಕೆಲಸವೂ ಬಹುಪಾಲು ಅದರದ್ದೇ.

ಬರೀ ಪರಿಮಳಕ್ಕಲ್ಲ

ಯುರೋಪಿಗೆ ಈ ಎಣ್ಣೆ ಬೇಕಾಗಿದ್ದು ಅತ್ತರಿಗೆ ಮಾತ್ರವಲ್ಲ. ಗೊನೊರಿಯಾ ಎಂಬ ಲೈಂಗಿಕ ರೋಗಕ್ಕೂ ಅದನ್ನೇ ಕೊಡುತ್ತಿದ್ದರು. ಕ್ಯಾಪ್ಸೂಲಿನಲ್ಲಿ ನುಂಗಿದ ಎಣ್ಣೆಯ ಅಂಶ ಮೂತ್ರದ ದಾರಿಯಲ್ಲಿ ಹೊರಹೋಗುವಾಗ ಸೋಂಕನ್ನು ತೊಳೆಯುತ್ತದೆ ಎಂಬುದು ಲೆಕ್ಕಾಚಾರ. ಬ್ರಿಟಿಷ್ ಫಾರ್ಮಕೋಪಿಯಾ ಎಂಬ ಅಧಿಕೃತ ಔಷಧಿ ಗ್ರಂಥದಲ್ಲೂ ಗಂಧದೆಣ್ಣೆ ಇತ್ತು. ಉರಿ, ಕೀವು ಕಡಿಮೆಯಾಗುತ್ತದೆ ಎಂದು ವೈದ್ಯರು ಅದನ್ನು ಬಳಸಿದರು. ಜೊತೆಗೆ ಹೊಟ್ಟೆ ಕೆಡುವುದು, ಸೊಂಟ ನೋವಿನಂಥ ತೊಂದರೆಗಳೂ ಇದ್ದವು. ಬೇರೆ ಒಳ್ಳೆಯ ಔಷಧಿ ಇಲ್ಲದ ಕಾಲ ಅದು.

ನಮ್ಮ ಮನೆಯ ಓಮದ ಕಥೆಯೂ ಹೀಗೇ. ಯುದ್ಧಕ್ಕೆ ಮುಂಚೆ ಭಾರತದ ಓಮ ಜರ್ಮನಿಗೆ ಹೋಗಿ, ಅಲ್ಲಿ ಅದರಿಂದ ಥೈಮಾಲ್ ತೆಗೆಯುತ್ತಿದ್ದರು. ಗಾಯ ಶುಚಿ ಮಾಡಲು ಥೈಮಾಲ್, ಕೊಕ್ಕೆಹುಳಕ್ಕೂ ಥೈಮಾಲ್. ಕೊಕ್ಕೆಹುಳಕ್ಕೆ ಕೀನೊಪೋಡಿಯಂ ಎಂಬ ಇನ್ನೊಂದು ಗಿಡದ ಎಣ್ಣೆಯನ್ನೂ ಕೊಟ್ಟರು. ಪ್ರಮಾಣ ತಪ್ಪಿದಾಗ ಅದು ಜೀವವನ್ನೇ ತೆಗೆದ ಪ್ರಕರಣಗಳಿವೆ. ಗಿಡದ್ದು ಎಂದ ಮಾತ್ರಕ್ಕೆ ಮೆದು ಅಲ್ಲ.

ಪೆನಿಸಿಲಿನ್ ಬಂತು

1930ರ ದಶಕದಲ್ಲಿ ಸಲ್ಫಾ ಮಾತ್ರೆಗಳು ಬಂದವು. 1928ರಲ್ಲಿ ಫ್ಲೆಮಿಂಗ್ ಗುರುತಿಸಿದ್ದ ಪೆನಿಸಿಲಿನ್ ಎರಡನೇ ಮಹಾಯುದ್ಧದ ಹೊತ್ತಿಗೆ ಔಷಧಿಯಾಯಿತು. ತಿಂಗಳುಗಟ್ಟಲೆ ಕಾಡುತ್ತಿದ್ದ ಗೊನೊರಿಯಾ ಕೆಲವು ಇಂಜೆಕ್ಷನ್ನಿಗೆ ಇಳಿಯಿತು. ಗಂಧದೆಣ್ಣೆ ಡಾಕ್ಟರರ ಚೀಟಿಯಿಂದ ಮರೆಯಾಗಿ ಸೋಪು, ಅತ್ತರಿನಲ್ಲಿ ಉಳಿಯಿತು. ಡಾ. ಟಿ.ಎಂ.ಎ. ಪೈ ಅವರು ಮಣಿಪಾಲದ ಗುಡ್ಡದಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು ಕಟ್ಟಿದ್ದು 1953ರಲ್ಲಿ. ಅಲ್ಲಿ ಕಲಿತ ಮೊದಲ ತಂಡದವರು ಆಂಟಿಬಯೋಟಿಕ್ ಕಾಲದ ಡಾಕ್ಟರುಗಳು.

ಕಥೆ ಅಲ್ಲಿಗೆ ಮುಗಿಯಲಿಲ್ಲ. 1976ರಲ್ಲಿ ಪೆನಿಸಿಲಿನ್ನನ್ನೇ ಒಡೆದು ಹಾಕುವ ಗೊನೊರಿಯಾ ರೋಗಾಣು ಪತ್ತೆಯಾಯಿತು. ಈಗ ಆ ರೋಗಕ್ಕೆ ಪೆನಿಸಿಲಿನ್ ಕೊಡುವುದಿಲ್ಲ. ಒಂದೊಂದಾಗಿ ಔಷಧಿಗಳು ಸೋಲುತ್ತಿರುವುದರಿಂದಲೇ ವಿಜ್ಞಾನಿಗಳು ಮತ್ತೆ ಗಿಡದ ಎಣ್ಣೆಗಳತ್ತ ನೋಡುತ್ತಿದ್ದಾರೆ.

ಪರೀಕ್ಷೆ ಹೀಗೆ: ರೋಗಾಣು ಬೆಳೆಸಿದ ತಟ್ಟೆಯ ಮೇಲೆ ಎಣ್ಣೆ ಅದ್ದಿದ ಪುಟ್ಟ ಕಾಗದ ಇಡುತ್ತಾರೆ. ಸುತ್ತ ಖಾಲಿ ಉಂಗುರ ಮೂಡಿದರೆ ಎಣ್ಣೆ ಕೆಲಸ ಮಾಡಿದೆ. ಎಣ್ಣೆಯ ಅಂಶ ರೋಗಾಣುವಿನ ಹೊರಪೊರೆಯೊಳಗೆ ನುಗ್ಗಿ ಅದನ್ನು ಸಡಿಲ ಮಾಡುತ್ತದೆ. ಒಳಗಿನದು ಸೋರಿ ರೋಗಾಣು ಸಾಯುತ್ತದೆ. ಆಂಟಿ ಆಕ್ಸಿಡೆಂಟ್ ಗುಣ ನೋಡಲು ನೇರಳೆ ಬಣ್ಣದ ದ್ರಾವಣಕ್ಕೆ ಎಣ್ಣೆ ಬೆರೆಸುತ್ತಾರೆ. ಬಣ್ಣ ಹಳದಿಗೆ ತಿರುಗಿದಷ್ಟೂ ಗುಣ ಹೆಚ್ಚು. ಲವಂಗದ ಯೂಜಿನಾಲ್, ಓಮದ ಥೈಮಾಲ್ ಇದರಲ್ಲಿ ಜೋರು. ಎಣ್ಣೆ, ತುಪ್ಪ ಬೇಗ ಕಮಟದಂತೆ ತಡೆಯುವುದೂ ಇದೇ ಗುಣ.

ಇವೆಲ್ಲ ನಿಜ. ಆದರೆ ತಟ್ಟೆ ಬೇರೆ, ದೇಹ ಬೇರೆ. ತಟ್ಟೆಯಲ್ಲಿ ರೋಗಾಣು ಕೊಲ್ಲುವಷ್ಟು ಎಣ್ಣೆ ರಕ್ತಕ್ಕೆ ಸೇರಬೇಕಾದರೆ ಎಷ್ಟೋ ಸಲ ಲಿವರು, ನರಕ್ಕೆ ಮೊದಲು ಪೆಟ್ಟು. ನೀಲಗಿರಿ ಎಣ್ಣೆ, ಕರ್ಪೂರ ಹೊಟ್ಟೆಗೆ ಹೋದ ಮಕ್ಕಳಿಗೆ ಫಿಟ್ಸ್ ಬರುವುದುಂಟು. ಲವಂಗದೆಣ್ಣೆ ಹಾಗೇ ಹಚ್ಚಿದರೆ ವಸಡು ಸುಡುತ್ತದೆ.

ಹಾಗಾಗಿ ಮೆಸೇಜು ಬಂದಾಗ ಒಂದು ಪ್ರಶ್ನೆ ಕೇಳಿ: ಇದು ಕೆಲಸ ಮಾಡಿದ್ದು ತಟ್ಟೆಯಲ್ಲೋ, ಮನುಷ್ಯರಲ್ಲೋ? ಸಾರಿಗೆ ಲವಂಗ, ಅಜೀರ್ಣಕ್ಕೆ ಓಮದ ಕಷಾಯ, ಪತ್ತೊಳಿಗೆ ಅರಿಶಿನ ಎಲೆ ಇರಲಿ. ಜ್ವರ ಬಿಡದಿದ್ದರೆ, ಗಾಯ ಕೀವಾದರೆ ಆಸ್ಪತ್ರೆಗೆ ಹೋಗಿ. ಆಂಟಿಬಯೋಟಿಕ್ ಕೊಟ್ಟರೆ ಡಾಕ್ಟರು ಹೇಳಿದಷ್ಟು ದಿನ ತೆಗೆದುಕೊಳ್ಳಿ. ಅದೂ ಸೋತ ದಿನ ಗಂಧದೆಣ್ಣೆಯ ಕಾಲಕ್ಕೆ ವಾಪಸು ಹೋಗುವ ಗತಿ ನಮ್ಮ ಮಕ್ಕಳಿಗೆ ಬರಬಾರದು.