ಹಾವರ್ತ್ ಊರಿನ ನೀರು

ಮನೆ ಕೊಳ್ಳುವಾಗ ನಾವು ಗೋಡೆ, ಬಾಗಿಲು, ದಿಕ್ಕು ನೋಡುತ್ತೇವೆ. ಬಾವಿ ನೆನಪಾಗುವುದು ಆಮೇಲೆ.

ಇಂಗ್ಲೆಂಡಿನ ಯಾರ್ಕ್‌ಷೈರ್ ಸೀಮೆಯಲ್ಲಿ ಹಾವರ್ತ್ ಎಂಬ ಊರಿದೆ. ಸುತ್ತಲೂ ಮರಗಳಿಲ್ಲದ, ಗಾಳಿ ಬೀಸುವ ಎತ್ತರದ ಕುರುಚಲು ಬಯಲು. ಕಡಿದಾದ ಬೀದಿ, ಕಲ್ಲಿನ ಮನೆಗಳು. ಲೇಖಕಿಯರಾದ ಬ್ರಾಂಟೆ ಸೋದರಿಯರು ಬೆಳೆದ ಈ ಊರನ್ನು ನೋಡಿದವರಿಗೆ ಇಲ್ಲೊಂದು ಮನೆಯಿರಬೇಕು ಎನಿಸುತ್ತದೆ.

ಆದರೆ 1850ರಲ್ಲಿ ಸರ್ಕಾರದ ಪರಿವೀಕ್ಷಕ ಬೆಂಜಮಿನ್ ಬ್ಯಾಬೇಜ್ ಬಂದು ನೋಡಿದಾಗ ಊರಿಗೆ ಸರಿಯಾದ ಚರಂಡಿಯಿರಲಿಲ್ಲ, ಕುಡಿಯಲು ಶುದ್ಧ ನೀರಿರಲಿಲ್ಲ. ನೂರಕ್ಕೆ 41 ಮಕ್ಕಳು ಆರು ವರ್ಷ ತುಂಬುವ ಮೊದಲೇ ತೀರಿಕೊಳ್ಳುತ್ತಿದ್ದರು. ಸತ್ತವರ ಸರಾಸರಿ ವಯಸ್ಸು ಸುಮಾರು 25.

ಈ ತನಿಖೆಗಾಗಿ ಅರ್ಜಿ ಕಳುಹಿಸಿದವರಲ್ಲಿ ಮುಂದಾಳು ಆ ಸೋದರಿಯರ ತಂದೆ, ಪಾದ್ರಿ ಪ್ಯಾಟ್ರಿಕ್ ಬ್ರಾಂಟೆ. 1820ರಲ್ಲಿ ಹೊರಗಿನಿಂದ ಬಂದವರು; ವಾಸ ಚರ್ಚಿನ ಮನೆಯಲ್ಲಿ, ಸ್ವಂತದ್ದಲ್ಲ. 1849ರ ಮೇ ತಿಂಗಳ ಹೊತ್ತಿಗೆ ತಮ್ಮ ಆರು ಮಕ್ಕಳಲ್ಲಿ ಐವರನ್ನು ಕಳೆದುಕೊಂಡಿದ್ದರು. ಅದೇ ವರ್ಷ ಊರಿನ ನೀರಿಗಾಗಿ ಅರ್ಜಿ ಬರೆದರು. ಕರ ಹೆಚ್ಚೀತೆಂದು ಕೆಲವು ಆಸ್ತಿವಂತರು ಅಡ್ಡಬಂದರೂ ಪಟ್ಟು ಬಿಡಲಿಲ್ಲ.

ಕೇಳುಗರೇ, ಕ್ರಯಪತ್ರದಿಂದ ಮನೆ ನಮ್ಮದಾಗುತ್ತದೆ. ಊರು ನಮ್ಮದಾಗುವುದು, ನೆರೆಮನೆಯ ಕೊಡದ ನೀರಿನ ಚಿಂತೆಯೂ ನಮ್ಮದಾದಾಗ.