ಬಾಗಿಲು ಕಾಯುವವರು, ದಾರಿ ತೋರುವವರು

ಆಸ್ಪತ್ರೆಗಳ ಚರಿತ್ರೆಯನ್ನು ನಾವು ಸಾಮಾನ್ಯವಾಗಿ ವೈದ್ಯರ ಹಾಗೂ ಔಷಧಿಗಳ ಚರಿತ್ರೆಯಾಗಿಯೇ ಓದುತ್ತೇವೆ. ಆದರೆ ರೋಗಿಗೂ ವೈದ್ಯರಿಗೂ ನಡುವೆ ಒಂದು ಮೇಜಿದೆ. ಹೆಸರು ಬರೆದುಕೊಂಡು, ಚೀಟಿ ಕೊಟ್ಟು, ಯಾವ ದಿನ ಯಾವ ವಿಭಾಗಕ್ಕೆ ಬರಬೇಕೆಂದು ತಿಳಿಸುವವರು ಅಲ್ಲಿ ಕುಳಿತಿರುತ್ತಾರೆ. ಆ ಮೇಜಿಗೂ ಒಂದು ಚರಿತ್ರೆಯಿದೆ. ಅದು ಆರಂಭವಾದದ್ದು ಕರುಣೆಯಿಂದಲ್ಲ, ಗುಮಾನಿಯಿಂದ.

19ನೆಯ ಶತಮಾನದ ಲಂಡನ್ನಿನ ಧರ್ಮಾಸ್ಪತ್ರೆಗಳಲ್ಲಿ ಹೊರರೋಗಿಗಳು ಕಿಕ್ಕಿರಿಯುತ್ತಿದ್ದರು. ಉಳ್ಳವರೂ ಬಡವರ ಸೋಗಿನಲ್ಲಿ ಉಚಿತ ಚಿಕಿತ್ಸೆ ಪಡೆಯುತ್ತಿದ್ದಾರೆಂಬ ದೂರು ಬಲವಾಗಿತ್ತು. ಚಾರಿಟಿ ಆರ್ಗನೈಸೇಷನ್ ಸೊಸೈಟಿಯ ಕಾರ್ಯದರ್ಶಿ ಚಾರ್ಲ್ಸ್ ಲಾಕ್ ಅವರ ಪ್ರಯತ್ನದಿಂದ 1895ರಲ್ಲಿ ರಾಯಲ್ ಫ್ರೀ ಆಸ್ಪತ್ರೆಗೆ ಮೇರಿ ಸ್ಟೀವರ್ಟ್ ಮೂರು ತಿಂಗಳ ಪ್ರಯೋಗಾರ್ಥ ಬಂದರು. ಹುದ್ದೆಯ ಹೆಸರು ಆಲ್ಮನರ್. ಕೆಲಸ, ಅರ್ಹರನ್ನು ಅನರ್ಹರಿಂದ ಬೇರ್ಪಡಿಸುವುದು. ವಿಚಾರಿಸುತ್ತ ಹೋದಂತೆ ಅವರಿಗೆ ಕಂಡದ್ದು ವಂಚನೆಗಿಂತ ಹೆಚ್ಚಾಗಿ ಬಡತನ. ಬಾಗಿಲು ಕಾಯಲು ಬಂದವರು ದಾರಿ ತೋರುವವರಾದರು. 1905ರಲ್ಲಿ ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ವೈದ್ಯ ರಿಚರ್ಡ್ ಕ್ಯಾಬಟ್ ಇಂಥ ಕೆಲಸಕ್ಕೆ ಚಿಕಿತ್ಸೆಯ ಅಂಗವಾಗಿಯೇ ನೆಲೆ ಕಲ್ಪಿಸಿದರು. ರೋಗಿಯ ಮನೆ, ದುಡಿಮೆಗಳನ್ನು ಅರಿಯದೆ ಬರೆದ ಔಷಧಿ ವ್ಯರ್ಥವೆಂಬುದು ಅವರ ನಿಲುವು.

ನಮ್ಮಲ್ಲಿ ಈ ಕಥೆ ಮುಂಬಯಿಯದು. 1946ರಲ್ಲಿ ಜೆ.ಜೆ. ಆಸ್ಪತ್ರೆಯಲ್ಲಿ ದೇಶದ ಮೊದಲ ವೈದ್ಯಕೀಯ ಸಮಾಜ ಕಾರ್ಯಕರ್ತರ ನೇಮಕವಾಯಿತು. 1950ರಲ್ಲಿ ಪರೇಲಿನ ಕೆ.ಇ.ಎಂ. ಆಸ್ಪತ್ರೆಯಲ್ಲಿ, ಅಮೆರಿಕದಲ್ಲಿ ಹುಟ್ಟಿ ಭಾರತದ ಸೊಸೆಯಾದ ಕಮಲಾ ನಿಂಬಕರ್ ಆಕ್ಯುಪೇಷನಲ್ ಥೆರಪಿಯ ಶಾಲೆ ತೆರೆದರು. ಎರಡು ವರ್ಷಗಳಲ್ಲಿ ಫಿಸಿಯೋಥೆರಪಿಯ ಶಾಲೆಯೂ ಅಲ್ಲಿಗೆ ಬಂತು. ಥೆರಪಿಯು ಒಂದೇ ದಿನದಲ್ಲಿ ಮುಗಿಯುವ ಶಸ್ತ್ರಕ್ರಿಯೆಯಲ್ಲ. ಪಾರ್ಶ್ವವಾಯು ಬಡಿದವರು ಕೈ ಎತ್ತಲು ಕಲಿಯುವುದಕ್ಕೆ ವಾರಗಟ್ಟಲೆ, ತಿಂಗಳುಗಟ್ಟಲೆ ಬರಬೇಕು. ಕರೆತರುವ ಮಗನ ದಿನಗೂಲಿ ತಪ್ಪುತ್ತದೆ; ಬಸ್ಸಿನ ಮೆಟ್ಟಿಲು ಹತ್ತಲಾಗುವುದಿಲ್ಲ; ಮುಂದಿನ ತಾರೀಖು ಮರೆತುಹೋಗುತ್ತದೆ. ಕಡತದಲ್ಲಿ ‘ಗೈರುಹಾಜರಿ’ ಎಂದು ಬರೆದು ಹೆಸರು ತೆಗೆಯುವುದು ಆಡಳಿತ. ಏಕೆ ಬರಲಿಲ್ಲವೆಂದು ಫೋನು ಮಾಡಿ ಕೇಳುವುದು ಮಾರ್ಗದರ್ಶನ. ಎರಡನ್ನೂ ಒಬ್ಬರೇ ಮಾಡಬೇಕಾಗಿ ಬರುವುದುಂಟು.

ಈ ಎರಡನೆಯ ಕೆಲಸಕ್ಕೆ ‘ಪೇಷಂಟ್ ನ್ಯಾವಿಗೇಷನ್’ ಎಂಬ ಹೆಸರು ಬಂದದ್ದು 1990ರಲ್ಲಿ, ನ್ಯೂಯಾರ್ಕಿನ ಹಾರ್ಲೆಮ್ ಆಸ್ಪತ್ರೆಯ ಶಸ್ತ್ರವೈದ್ಯ ಹೆರಾಲ್ಡ್ ಫ್ರೀಮನ್ ಅವರಿಂದ. ಅಲ್ಲಿ ಸ್ತನ ಕ್ಯಾನ್ಸರಿಗೆ ಚಿಕಿತ್ಸೆ ಪಡೆದು ಐದು ವರ್ಷ ಬದುಕುಳಿದವರು ಮೊದಲು ಶೇ. 39, ಉಚಿತ ತಪಾಸಣೆ, ಮಾರ್ಗದರ್ಶನಗಳೆರಡೂ ಬಂದ ಮೇಲೆ ಶೇ. 70. ಶ್ರೇಯಸ್ಸು ಎರಡಕ್ಕೂ ಸಲ್ಲಬೇಕು: ಪರೀಕ್ಷೆ ಉಚಿತವಾದರೆ ಸಾಲದು, ಅದರಿಂದ ಚಿಕಿತ್ಸೆಯವರೆಗೆ ಕೈಹಿಡಿದು ನಡೆಸುವವರು ಬೇಕು.

ಪರೇಲಿನಲ್ಲೇ ಇರುವ ಟಾಟಾ ಸ್ಮಾರಕ ಆಸ್ಪತ್ರೆ ಈಚಿನ ವರ್ಷಗಳಲ್ಲಿ ಇಂಥವರನ್ನು ಶಿಕ್ಷಣ ಕೊಟ್ಟು ಸಿದ್ಧಗೊಳಿಸುತ್ತಿದೆ. ಅವರಿಗಿಟ್ಟ ಹೆಸರು ‘ಕೇವಟ’, ರಾಮನನ್ನು ಗಂಗೆ ದಾಟಿಸಿದ ಅಂಬಿಗ. ಅಂಬಿಗರ ಚೌಡಯ್ಯನನ್ನು ಬಲ್ಲ ಕನ್ನಡಿಗರಿಗೆ ಆ ಹೆಸರಿನ ಅರ್ಥವನ್ನು ಬಿಡಿಸಿ ಹೇಳಬೇಕಿಲ್ಲ. ಕರ್ನಾಟಕದಿಂದ ರೈಲು ಹತ್ತಿ ಇಲ್ಲಿಗೆ ಬರುವವರಲ್ಲಿ ಮರಾಠಿ, ಹಿಂದಿ ಬಾರದವರಿದ್ದಾರೆ. ಅವರ ಪಾಲಿಗೆ ಹೊಳೆ ಇನ್ನಷ್ಟು ಅಗಲ. ಈ ಊರಿನ ಭಾಷೆಯನ್ನೂ ಅವರ ಭಾಷೆಯನ್ನೂ ಬಲ್ಲ ನಾವು ದಡದಲ್ಲೇ ಇದ್ದೇವೆ. ವಾರಕ್ಕೊಂದು ಬೆಳಗ್ಗೆ ಆ ಮೇಜಿನ ಪಕ್ಕದಲ್ಲಿ ನಿಂತರೂ ಹುಟ್ಟು ಹಾಕಿದಂತೆಯೇ.