ಪ್ರಶ್ನೆ ಅದೇ, ಹಿಡಿದ ದಾರಿ ಬೇರೆ

ನಿನ್ನೆಯವರೆಗೆ ಕ್ಷಣಮಾತ್ರದಲ್ಲಿ ಉತ್ತರ ಕೊಡುತ್ತಿದ್ದ ಕಂಪ್ಯೂಟರ್, ತಂತ್ರಾಂಶದ ಹೊಸ ಆವೃತ್ತಿ ಹಾಕಿದ ಮರುದಿನ ನಿಮಿಷಗಟ್ಟಲೆ ತಿಣುಕುತ್ತದೆ. ಮಾಹಿತಿ ಅದೇ, ಪ್ರಶ್ನೆಯೂ ಅದೇ. ಡೇಟಾಬೇಸ್ ನೋಡಿಕೊಳ್ಳುವವರಿಗೆಲ್ಲ ಪರಿಚಿತವಾದ ಈ ಕಾಟದ ಬೇರು ಅರ್ಧ ಶತಮಾನದಷ್ಟು ಹಳೆಯದು.

ಬೇಕಾದ ಮಾಹಿತಿ ಯಾವ ಕೊಂಡಿ ಹಿಡಿದು ಹೋದರೆ ಸಿಗುತ್ತದೆ ಎಂಬುದನ್ನು ಒಂದು ಕಾಲದಲ್ಲಿ ಪ್ರೋಗ್ರಾಂ ಬರೆಯುವವರೇ ಹೇಳಬೇಕಿತ್ತು. 1970ರಲ್ಲಿ ಐಬಿಎಂನ ಎಡ್ಗರ್ ಕಾಡ್ ಬೇರೆ ಮಾತು ಹೇಳಿದರು: ಏನು ಬೇಕೆಂದಷ್ಟೇ ಮನುಷ್ಯ ಹೇಳಲಿ, ದಾರಿಯನ್ನು ಯಂತ್ರ ಹುಡುಕಲಿ. ಕೇಳಲೇನೋ ಸೊಗಸು. ಯಂತ್ರಕ್ಕೆ ಅದು ಸಾಧ್ಯವೇ ಎಂಬ ಅನುಮಾನ ಹಲವರಿಗಿತ್ತು.

1979ರಲ್ಲಿ ಐಬಿಎಂನ 'ಸಿಸ್ಟಂ ಆರ್' ಯೋಜನೆಯ ಪೆಟ್ರೀಷಿಯಾ ಸೆಲಿಂಜರ್ ಮತ್ತು ನಾಲ್ವರು ಸಹೋದ್ಯೋಗಿಗಳು ಉಪಾಯವೊಂದನ್ನು ಪ್ರಕಟಿಸಿದರು. ಸಾಧ್ಯವಿರುವ ದಾರಿಗಳ ಖರ್ಚನ್ನು ಯಂತ್ರವೇ ಲೆಕ್ಕಹಾಕಿ ಅಗ್ಗವಾದದ್ದನ್ನು ಆರಿಸುವುದು. ನಾಲ್ಕೇ ಸಾಲು ಬೇಕಿದ್ದರೆ ಪುಸ್ತಕದ ಕೊನೆಯ ಪದಸೂಚಿಯಂಥ ಇಂಡೆಕ್ಸ್ ಹಿಡಿಯುವುದು ಲಾಭ. ಅರ್ಧ ಪುಸ್ತಕವೇ ಬೇಕಿದ್ದರೆ ಮೊದಲಿನಿಂದ ಓದುವುದೇ ಮೇಲು. ಎಷ್ಟು ಸಾಲು ಸಿಕ್ಕೀತೆಂದು ತಿಳಿಯಲು ಮೊದಲೇ ಎಣಿಸಿಟ್ಟ ಅಂಕಿಅಂಶ ಬೇಕು. ಅದಿಲ್ಲದಿದ್ದರೆ? ಹೊಂದುವ ಸಾಲು ಹತ್ತರಲ್ಲೊಂದು ಎಂದುಕೊಳ್ಳುವುದು. ಹೌದು, ಬರೀ ಊಹೆ.

ಆವೃತ್ತಿ ಬದಲಾದಾಗ ಎಡವುವುದು ಇಲ್ಲೇ. ಪೋಸ್ಟ್‌ಗ್ರೆಸ್‌ನ ಆವೃತ್ತಿ ಏರಿಸುವ ಸಾಧನ ಬಹುಕಾಲ ಮಾಹಿತಿಯನ್ನೆಲ್ಲ ದಾಟಿಸಿ ಅಂಕಿಅಂಶವನ್ನು ಮಾತ್ರ ಹಿಂದೆಯೇ ಬಿಡುತ್ತಿತ್ತು. 'ಅನಲೈಸ್' ಆಜ್ಞೆ ಕೊಟ್ಟು ಮತ್ತೆ ಎಣಿಸುವವರೆಗೆ ಯಂತ್ರದ್ದು ಕುರುಡು ನಡಿಗೆ. 2025ರ 18ನೇ ಆವೃತ್ತಿಯಲ್ಲಿ ಅದರ ಬಹುಭಾಗ ಜೊತೆಗೇ ಬರುವಂತಾಯಿತು.

ಮೈಕ್ರೋಸಾಫ್ಟ್‌ನ ಎಸ್‌ಕ್ಯುಎಲ್ ಸರ್ವರ್ 2014ರ ಕಥೆ ಇನ್ನೂ ಸ್ವಾರಸ್ಯ. ಅಲ್ಲಿ ಬದಲಾದದ್ದು ಲೆಕ್ಕದ ಸೂತ್ರ. ಊರು ಹೊಂದುವ ಸಾಲು ನೂರಕ್ಕೊಂದು, ಪಿನ್‌ಕೋಡ್ ಹೊಂದುವುದೂ ನೂರಕ್ಕೊಂದು ಎನ್ನಿ. 1998ರಿಂದ ಬಂದ ಸೂತ್ರ ಎರಡನ್ನೂ ಗುಣಿಸಿ ಹತ್ತು ಸಾವಿರಕ್ಕೊಂದು ಎನ್ನುತ್ತಿತ್ತು. ಆದರೆ ಊರಿಗೂ ಪಿನ್‌ಕೋಡಿಗೂ ನಂಟಿದೆಯಲ್ಲ! ಹೊಸ ಸೂತ್ರದ ಪ್ರಕಾರ ಅದು ಸಾವಿರಕ್ಕೊಂದು. ಇದು ವಾಸ್ತವಕ್ಕೆ ಹತ್ತಿರ. ಆದರೂ ಹಳೆಯ ತಪ್ಪು ಲೆಕ್ಕದಲ್ಲೇ ಅದೃಷ್ಟವಶಾತ್ ಸರಿದಾರಿ ಹಿಡಿದಿದ್ದ ಕೆಲವು ಪ್ರಶ್ನೆಗಳು ಮುಗ್ಗರಿಸಿದವು.

ಆದ್ದರಿಂದ ಬಲ್ಲವರು ಯಂತ್ರವನ್ನು ದೂರುವ ಮೊದಲು ಅಂಕಿಅಂಶ ಹೊಸದೇ ಎಂದು ನೋಡುತ್ತಾರೆ. ಬಳಿಕ ಹಳೆಯ, ಹೊಸ ದಾರಿಗಳನ್ನು ಪಕ್ಕಪಕ್ಕದಲ್ಲಿಟ್ಟು ಹೋಲಿಸುತ್ತಾರೆ. ಹೋಲಿಸಲು ಹಳೆಯದು ಉಳಿದಿರಬೇಕಷ್ಟೆ. ಒರಾಕಲ್ 2007ರ 11ಜಿ ಆವೃತ್ತಿಯಲ್ಲಿ, ಮೈಕ್ರೋಸಾಫ್ಟ್ 2016ರಲ್ಲಿ, ಹಳೆಯ ದಾರಿಯನ್ನು ಬರೆದಿಟ್ಟುಕೊಂಡು ಬೇಕೆಂದಾಗ ಅದರಲ್ಲೇ ನಡೆಸುವ ಏರ್ಪಾಡು ಒದಗಿಸಿದವು.